ಅಮ್ಮ ಓಡುವ ದೃಶ್ಯ

ಗೋಡೆಗೆ ಟಿವಿ ಕೂರಿಸುವುದು ನನ್ನ ಕೆಲಸ. ಎಂಟನೇ ಕ್ಲಾಸಿನಲ್ಲೇ ಶಾಲೆಗೆ ಬೆನ್ನು ತಿರುಗಿಸಿದವನು ನಾನು. ಡ್ರಿಲ್ ಹಿಡಿಯಲು ಯಾರೂ ಮಾರ್ಕ್ಸ್‌ಕಾರ್ಡ್ ಕೇಳಲಿಲ್ಲ. ಮೂಲೆ ಬಿರುಕುಬಿಟ್ಟ ದೊಡ್ಡ ಟಿವಿಯೊಂದನ್ನು ಅಂಗಡಿಯವನು ನನಗೇ ಕೊಟ್ಟುಬಿಟ್ಟ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಗೋಡೆಗೇರಿಸಿದೆ. ಅಮ್ಮ, ಅಕ್ಕ ಎದುರಿಗೆ ಬಂದು ಕೂತರು.

ಮೊದಲು ಏನು ಹಾಕಬೇಕೆಂಬ ಚರ್ಚೆಯೇ ಇರಲಿಲ್ಲ. ನಮ್ಮಲ್ಲಿ ಸಿನಿಮಾ ಎಂದರೆ ಒಂದೇ, ಆ ನಿಧಿ ಹುಡುಕುವವನದು. ಅಮ್ಮನಿಗೆ ಹತ್ತೊಂಬತ್ತಾಗಿದ್ದಾಗ ಊರಾಚೆಯ ಕಲ್ಲುಗಣಿಯಲ್ಲಿ ಅದನ್ನು ತೆಗೆದಿದ್ದರು. ಚಿನ್ನದ ಮೂರ್ತಿಯೊಂದಿಗೆ ಓಡುವ ನಾಯಕನನ್ನು ಅಟ್ಟಿಸಿಕೊಂಡು ಹೋಗುವ ಕಾಡುಜನರಲ್ಲಿ ಅಮ್ಮನೂ ಒಬ್ಬಳು. ಹಳೆಯ ಕ್ಯಾಸೆಟ್ಟಿನಲ್ಲಿ ಅವಳು ಬರೀ ಹಳದಿ ಚುಕ್ಕೆ. “ಅದೇ ನಾನು” ಎನ್ನುತ್ತಿದ್ದಳು, ನಾವು ನಂಬುತ್ತಿದ್ದೆವು.

ಈಗ ಸಿನಿಮಾ ಕಂಪನಿಯವರು ಅದನ್ನು ತಿಕ್ಕಿ ತೊಳೆದು ಹೊಸದಾಗಿ ಬಿಟ್ಟಿದ್ದಾರೆ. ಬೆವರ ಹನಿಯೂ ಕಾಣುತ್ತದೆ.

ಶುರುವಿನಿಂದಲೇ ನನಗೆ ಮೈ ಉರಿಯತೊಡಗಿತು. ನಾಯಕ ಕೇಳದೆ ಕಾಡುಜನರ ಗುಡಿಗೆ ನುಗ್ಗುತ್ತಾನೆ, ಬಾಗಿಲು ಒಡೆಯುತ್ತಾನೆ, ಅವರ ದೇವರನ್ನು ಚೀಲಕ್ಕೆ ತುರುಕುತ್ತಾನೆ. ಅಟ್ಟಿಸಿಕೊಂಡು ಬಂದವರು ಕೆಟ್ಟವರಂತೆ.

“ಇವನು ಕಳ್ಳ ಅಲ್ವೇನೇ ಅಕ್ಕ?”

“ಇಷ್ಟು ವರ್ಷ ಇವನಿಗೇ ಸಿಳ್ಳೆ ಹೊಡೆದ್ಯಲ್ಲೋ. ಸುಮ್ನೆ ನೋಡು.”

ಅಷ್ಟರಲ್ಲಿ ಹಳದಿ ಚುಕ್ಕೆ ಬಂತು. ಚುಕ್ಕೆಯಲ್ಲ, ಹುಡುಗಿ. ಲಂಗ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು, ಎರಡೂ ಪಾದ ನೆಟ್ಟಗೆ. ರಿಮೋಟ್ ಒತ್ತಿ ನಿಲ್ಲಿಸಿದೆ. ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದು ಬಲಗಾಲು ಸೊಟ್ಟಗಾಯಿತೆಂದು ಅಮ್ಮ ಹೇಳಿದ್ದಳು. ಅವಳು ಓಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಮತ್ತೆ ಬಿಟ್ಟೆ. ನಾಯಕ ಗುಡ್ಡದ ಮೇಲಿಂದ ಬಂಡೆ ಉರುಳಿಸಿದ. ನಕಲಿ ಬಂಡೆ, ಪ್ಲಾಸ್ಟರ್ ಎದ್ದ ಕಡೆ ಒಳಗಿನ ಕಬ್ಬಿಣದ ಚೌಕಟ್ಟು ಕಾಣುತ್ತಿತ್ತು. ಅದು ಹುಡುಗಿಯ ಬಲಪಾದದ ಮೇಲೆ ಹಾದುಹೋಯಿತು. ಅವಳ ಬಾಯಿ ತೆರೆಯಿತು. ಅದು ನಟನೆಯಲ್ಲ. ಚಿಕ್ಕಂದಿನಲ್ಲಿ ಸರಿಯಾಗಿ ಅಲ್ಲೇ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಪಕ್ಕದಲ್ಲಿ ಕೂತ ಅಮ್ಮನೂ ನಗುತ್ತಿದ್ದಳು.

“ಯಾಕಮ್ಮ ಹೇಳಲಿಲ್ಲ?”

“ಹೇಳಿದ್ರೆ ನೀನು ಚಪ್ಪಾಳೆ ತಟ್ತಿದ್ಯಾ?”

“ನನಗಲ್ಲ, ಆ ಸಿನಿಮಾದವರಿಗೆ. ಕಾಲೇ ಹೋಯ್ತಲ್ಲ.”

“ದೂರು ಗೀರು ಅಂತ ಹೋದ್ರೆ ಸಿನಿಮಾದಿಂದ ನಾನು ಓಡೋ ತುಂಡನ್ನೇ ಕತ್ತರಿಸಿ ಬಿಸಾಕ್ತೀವಿ ಅಂದ್ರು.” ಅಮ್ಮ ಮಂಡಿ ನೀವಿಕೊಂಡಳು. “ಕಾಲಂತೂ ಹೋಗಿತ್ತು. ಓಡಿದ್ದೂ ಹೋಗೋದು ಬೇಡ ಅಂತ ಬಾಯಿ ಮುಚ್ಚಿಕೊಂಡೆ.”

ವಿಡಿಯೊ ಮಾಡಿ ಹಾಕೋಣವೆಂದು ನಾನು ಫೋನ್ ತೆಗೆದು ಪರದೆಗೆ ಹಿಡಿದೆ. ಜಗತ್ತೆಲ್ಲ ನೋಡಲಿ, ಆ ಕಂಪನಿಯ ಮಾನ ಬೀದಿಗೆ ಬರಲಿ ಎಂದೆ.

“ಬರುತ್ತೆ. ಮಾರನೇ ದಿನ ಆ ತುಂಡು ತೆಗೆದುಹಾಕ್ತಾರೆ,” ಎಂದಳು ಅಕ್ಕ. “ಅಲ್ಲಿಗೆ ಅಮ್ಮನೂ ಇಲ್ಲ.”

ನನ್ನ ಕೈ ಹಾಗೇ ನಿಂತಿತು. ಅವರು ಹೆದರಿಸಿದ್ದನ್ನು ಈಗ ನಾನೇ ಮಾಡಲು ಹೊರಟಿದ್ದೆನೇ? ಸುಮ್ಮನಿದ್ದರೆ ನಾನೂ ಅವರ ಕಡೆಯವನೇ?

“ಹಿಂದಕ್ಕೆ ಹಾಕೋ,” ಎಂದಳು ಅಮ್ಮ. “ಬಂಡೆ ಬೇಡ. ಅದಕ್ಕೆ ಮುಂಚೆ.”

ಹಾಕಿದೆ. ಅವಳು ಓಡಿದಳು. ಬಂಡೆ ಬರುವ ಮುನ್ನ ನಿಲ್ಲಿಸಿದೆ.

“ಇನ್ನೊಂದು ಸಲ.”

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಿಮೋಟು. ಯಾರ ಮೇಲೆ ಹರಿಹಾಯಬೇಕೆಂದು ತೋಚದೆ ಅಕ್ಕನ ಮೇಲೆ ರೇಗಿದೆ. “ಬೆಳಕು ಹೊಡೀತಿದೆ, ಆ ಕಿಟಕಿ ಮುಚ್ಚೇ. ಅಮ್ಮನಿಗೆ ಸರಿಯಾಗಿ ಕಾಣಲಿ.”