ಚಿಕ್ಕತಾತನ ಎಲೆ

ಮಹಾಲಯ ಅಮಾವಾಸ್ಯೆಯ ದಿನ ಬೋರಯ್ಯ ಮೇಷ್ಟ್ರ ಮನೆಯಲ್ಲಿ ಹಿರಿಯರಿಗೆ ಐದು ಎಲೆ ಹಾಕುವುದು ವಾಡಿಕೆ. ತಾತ, ಅಜ್ಜಿ, ಅಪ್ಪ, ಅವ್ವ. ಸಾಲಿನ ಕೊನೆಯದು ಚಿಕ್ಕತಾತ ಮರಿಮಾದಯ್ಯನದು. ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅದನ್ನೇ ಅವರ ಎಲೆಗೆ ಬಡಿಸಬೇಕು. ಆಮೇಲೆ ಒಂದೊಂದು ಎಲೆಯಿಂದಲೂ ಒಂದು ತುತ್ತು ಹೊರಗಿಟ್ಟು ಕಾಯಬೇಕು. ಕಾಗೆ ಮುಟ್ಟಿದರೆ ಹಿರಿಯರು ಉಂಡರೆಂದು ಅರ್ಥ.

ಚಿಕ್ಕತಾತನೆಂದರೆ ತಾತನ ಕೊನೆಯ ತಮ್ಮ. ಮಳವಳ್ಳಿಯಿಂದ ಹೋಗಿ ಮೈಸೂರು ಮಹಾರಾಜರ ದಂಡು ಸೇರಿದವನು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರಕ್ಕೆ ಹೋಗಿ ಜಪಾನಿನವರಿಗೆ ಸೆರೆ ಸಿಕ್ಕಿ, ಮತ್ತೆ ಊರು ಕಾಣದವನು. ಅವನಿಗೆ ಏನು ಇಷ್ಟವಿತ್ತೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಸಿಪಾಯಿಯಲ್ಲವೇ ಎಂದುಕೊಂಡು ಬಾಡಿನ ಸಾರು ಬಡಿಸಿ, ಪಕ್ಕದಲ್ಲಿ ಒಂದು ಲೋಟ ಸಾರಾಯಿ ಇಡುತ್ತಿದ್ದರು. ಕಾಗೆ ಆ ತುತ್ತಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಸಾರಾಯಿಯನ್ನು ಮಾತ್ರ ಬೋರಯ್ಯನ ಸೋದರಮಾವ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಕುಡಿದು ಮುಗಿಸುತ್ತಿದ್ದ.

“ಕಾಗೆ ಯಾಕೆ ಮುಟ್ಟಲ್ಲ ಗೊತ್ತೇನ್ರಿ? ಆ ಯಪ್ಪ ಸತ್ತೇ ಇಲ್ಲ,” ಎಂದು ಬೋರಯ್ಯನ ಹೆಂಡತಿ ರತ್ನ ಮದುವೆಯಾಗಿ ಬಂದ ವರ್ಷವೇ ಹೇಳಿದ್ದಳು.

“ಸುಮ್ನಿರು. ಆಜಾದ್ ಹಿಂದ್ ಫೌಜಿಗೆ ಸೇರಿ ದೇಶಕ್ಕಾಗಿ ಪ್ರಾಣ ಕೊಟ್ಟೋರು ಅವರು,” ಎಂದು ಬೋರಯ್ಯ ಗದರಿದ್ದರು. ತಾತ ಹೇಳಿದ್ದನ್ನು ಅಪ್ಪ ನಂಬಿದ್ದರು, ಅಪ್ಪ ಹೇಳಿದ್ದನ್ನು ಇವರು ನಂಬಿದ್ದರು. ಮೂವತ್ತೈದು ವರ್ಷ ಮೇಷ್ಟ್ರಾಗಿ, ಪ್ರತಿ ಆಗಸ್ಟ್ ಹದಿನೈದಕ್ಕೆ ಧ್ವಜದ ಕೆಳಗೆ ನಿಂತು ಅದೇ ಕಥೆ ಹೇಳಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದ್ದರು.

ಕಳೆದ ಕಾರ್ತಿಕದಲ್ಲಿ ರತ್ನ ತೀರಿಕೊಂಡಳು. ಕೊನೆಯ ದಿನಗಳಲ್ಲೂ ಅವಳ ನಾಲಗೆ ಸೋತಿರಲಿಲ್ಲ. “ಬರೋ ಅಮಾಸೆಗೆ ನನ್ನೆಲೆ ಚಿಕ್ಕತಾತನ ಪಕ್ಕಕ್ಕೇ ಬರುತ್ತೆ, ಅಲ್ವಾ? ನೋಡಿ, ಯಾರು ಏನು ಅಂತ ಗೊತ್ತಿಲ್ಲದ ಗಂಡಸಿನ ಪಕ್ಕ ನಾನು ಊಟಕ್ಕೆ ಕೂರಲ್ಲ. ಸರಿಯಾಗಿ ವಿಚಾರಿಸಿ ಎಲೆ ಹಾಕಿ,” ಎಂದಳು. ಬೋರಯ್ಯ ಆಗಲೆಂದು ಮಾತು ಕೊಟ್ಟರು.

ಮಗಳು ನವ್ಯಾ ಅಪ್ಪನನ್ನು ಮಲೇಷ್ಯಾದ ಸೈಬರ್‌ಜಯಾದ ತನ್ನ ಮನೆಗೆ ಕರೆದುಕೊಂಡು ಬಂದಳು. ಬೋರಯ್ಯ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ರತ್ನಳ ಫೋಟೋಗೆ ಒಂದು ಹೂವಿಟ್ಟು, ಹನ್ನೆರಡನೆಯ ಮಹಡಿಯ ಕಿಟಕಿಯಲ್ಲಿ ಕೂರುವರು. ಕೆಳಗೆ ಕಾರುಗಳು ಹರಿಯುತ್ತಿದ್ದವು. ನಡೆಯುವ ಒಬ್ಬ ಮನುಷ್ಯನೂ ಕಾಣುತ್ತಿರಲಿಲ್ಲ. ಅಮಾವಾಸ್ಯೆ ಹತ್ತಿರವಾದಂತೆ ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು.

ಅಪ್ಪನ ಸಂಕಟ ನೋಡಲಾರದೆ ನವ್ಯಾ ಕಂಪ್ಯೂಟರಿನಲ್ಲಿ ಯುದ್ಧದಲ್ಲಿ ಮಡಿದವರ ಪಟ್ಟಿ ಹುಡುಕಿದಳು. ಹೆಸರು ಸಿಗಲಿಲ್ಲ. ಕೊನೆಗೆ ಚಿಕ್ಕತಾತನ ಫೋಟೋವನ್ನು ಮಲೇಷ್ಯಾ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದಳು. ಚಡ್ಡಿ ತೊಟ್ಟು ಎದೆ ಸೆಟೆಸಿ ನಿಂತ ಮೀಸೆಯ ಹುಡುಗ. ಎಡ ಹುಬ್ಬಿನ ಮೇಲೆ ಒಂದು ಸೀಳುಗುರುತು.

ಅಮಾವಾಸ್ಯೆಗೆ ಮೂರು ದಿನವಿದೆ ಎನ್ನುವಾಗ ಫೋನ್ ಬಂತು. ಮಾಡಿದವರು ಡಾಕ್ಟರ್ ನಫೀಸಾ, ಹರಿಹರದವರು, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು.

“ಮೇಷ್ಟ್ರೇ, ನಮ್ಮ ಕಾಲೇಜ್ ಮುಂದೆ ಒಬ್ಬರು ಆಂಟಿ ನಾಸಿ ಲೆಮಾಕ್ ಮಾರ್ತಾರೆ, ತೆಂಗಿನಹಾಲಿನ ಅನ್ನ. ಚಾಮುಂಡಿ ಅಂತ ಹೆಸರು. ಅವರಂಗಡೀಲಿ ಒಬ್ಬ ಅಜ್ಜನ ಫೋಟೋ ಇದೆ ನೋಡ್ರಿ, ಹುಬ್ಬಿನ ಮೇಲೆ ಇದೇ ಗುರುತು! ನಾನು ಕನ್ನಡದೋಳು ಅಂತ ತಿಳಿದಾಗಿಂದ ನಂಗೆ ದಿನಾ ಒಂದು ಮೊಟ್ಟೆ ಜಾಸ್ತಿ.”

ಶನಿವಾರ ಬೆಳಿಗ್ಗೆಯೇ ತಂದೆ ಮಗಳು ಕಾರು ಹತ್ತಿದರು. ಮೆಲಾಕಾದಲ್ಲಿ ನಫೀಸಾ ಕಾದಿದ್ದರು. ತಗಡಿನ ಮಾಡಿನ ಅಂಗಡಿಯೊಳಗಿಂದ ಕುಳ್ಳಗೆ ದುಂಡಗಿದ್ದ ಹೆಂಗಸೊಬ್ಬಳು ಸೌಟು ಹಿಡಿದೇ ಹೊರಗೆ ಬಂದಳು. ಬೋರಯ್ಯನ ಮುಖವನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ಮುಖವನ್ನು ನೋಡಿದಳು.

“ಮೂಗು ನಮ್ಮಪ್ಪಂದೇ ಕಣ್ರಪ್ಪ! ಬನ್ನಿ, ಕುಂತ್ಕಳಿ. ವಯಸ್ಸೆಷ್ಟು ನಿಂಗೆ?”

“ಎಪ್ಪತ್ತೆರಡು.”

“ನಂಗೆ ಅರವತ್ತೇಳು. ಆದ್ರೂ ನಿಮ್ಮಪ್ಪಂಗೆ ನಾನು ಚಿಕ್ಕಪ್ಪನ ಮಗಳು, ತಂಗಿ. ಅಂದ್ಮೇಲೆ ನಿಂಗೆ ಅತ್ತೆ. ಕಾಲಿಗೆ ಬೀಳೋದು ಏನಾದ್ರೂ ಇದ್ರೆ ಬೇಗ ಬಿದ್ಬಿಡು, ಒಲೆ ಮೇಲೆ ಅನ್ನ ಅದೆ.”

ಸೈಬರ್‌ಜಯಾದಲ್ಲಿ ಹುಡುಕಿದರೂ ಸಿಗದ ಮಳವಳ್ಳಿಯ ಮಾತು ಮೆಲಾಕಾದ ಬೀದಿಬದಿಯಲ್ಲಿ ಸಿಕ್ಕಿತ್ತು. ಬೋರಯ್ಯ ನಿಜಕ್ಕೂ ಬಾಗಿ ಕಾಲು ಮುಟ್ಟಿದರು. ಬೆನ್ನು ಕಟಕ್ಕೆಂದಿತು. ನವ್ಯಾಳಿಗೆ ನಗು ತಡೆಯಲಾಗಲಿಲ್ಲ.

ಅಂಗಡಿ ಮುಚ್ಚಿ ಹಿಂದಿನ ಮನೆಗೆ ಹೋದ ಮೇಲೆ ಚಾಮುಂಡಿ ಒಂದು ಬಿಸ್ಕತ್ತಿನ ಡಬ್ಬಿ ತಂದು ತೆರೆದಳು. ಅದರಲ್ಲಿ ಒಂದು ಹಳೆಯ ಕಾಗದ, ಗಂಡಭೇರುಂಡದ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಮಾತ್ರ ಹುಣಿಸೆಹಣ್ಣು ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು.

“ಸೆರೇಲಿದ್ದಾಗ ಹೊಸ ಫೌಜು ಕಟ್ತೀವಿ ಬಾ ಅಂತ ಕರೆದ್ರಂತೆ. ಅಪ್ಪನ ಗೆಣೆಕಾರ ನರಹರಿ ಅಂತ, ಅವ್ರು ಹೋದ್ರು. ಅಪ್ಪ ಹೋಗ್ನಿಲ್ಲ. ‘ಚಾಮುಂಡವ್ವನ ಹೆಸರ ಮೇಲೆ ಮಾರಾಜ್ರಿಗೆ ಮಾತು ಕೊಟ್ಟಿವ್ನಿ, ಅವ್ರು ಬಿಟ್ಟೆ ಅನ್ಲಿ, ನಾಳೇನೇ ಬತ್ತೀನಿ’ ಅಂದ್ರಂತೆ. ಅದ್ಕೆ ಮೂರು ವರ್ಷ ಮಣ್ಣು ಹೊರ್ಸಿ, ಬರೀ ಮರಗೆಣಸು ಬೇಯ್ಸಿ ಹಾಕಿದ್ರು. ನರಹರಿ ಬೇಲಿ ಆಚೆಯಿಂದ ಸಕ್ಕರೆ ಪೊಟ್ಟಣ ಎಸೀತಿದ್ರಂತೆ. ಗೆಣೆತನ ಬಿಟ್ಟಿರ್ನಿಲ್ಲ.”

ಬೋರಯ್ಯನ ಕಿವಿ ಬಿಸಿಯಾಯಿತು. ಮೂವತ್ತೈದು ಧ್ವಜಾರೋಹಣಗಳು ಕಣ್ಣ ಮುಂದೆ ಸಾಲಾಗಿ ನಿಂತವು. “ಫೌಜಿಗೆ ಸೇರಲೇ ಇಲ್ಲವೇ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ. ಈ ಕಾಗದ ಓದು.”

ಯುದ್ಧ ಮುಗಿದ ಮೇಲೆ ಮರಿಮಾದಯ್ಯ ಕಾಲಿನ ಹುಣ್ಣಿಗಾಗಿ ಮಲಯಾದ ಆಸ್ಪತ್ರೆಯಲ್ಲಿದ್ದಾಗ, ಮೊದಲೇ ಊರು ಸೇರಿದ್ದ ನರಹರಿ ಬರೆದ ಕಾಗದ ಅದು. ಬೋರಯ್ಯ ಗಟ್ಟಿಯಾಗಿ ಓದಿದರು: “ಮಾದ, ಊರಲ್ಲಿ ನಿನ್ನ ತಿಥಿ ಮುಗಿದಿದೆ. ಫೌಜಿನವರಿಗೆ ಹಾರ ಹಾಕುತ್ತಾರೆ, ಸೇರದವರನ್ನು ಬಿಳಿಯರ ಬಾಲವೆನ್ನುತ್ತಾರೆ. ನೀನೂ ಫೌಜಿನಲ್ಲೇ ಸತ್ತೆಯೆಂದು ನಿಮ್ಮಣ್ಣ ನಂಬಿ, ತಲೆಯೆತ್ತಿ ತಿರುಗುತ್ತಿದ್ದಾರೆ. ನನಗೆ ಬಾಯಿ ಬರಲಿಲ್ಲ. ನೀನೇ ಬಂದು ಹೇಳು.”

“ಅಪ್ಪ ಹೋಗ್ನಿಲ್ಲ,” ಎಂದಳು ಚಾಮುಂಡಿ. “ಅಣ್ಣ ತಲೆ ಎತ್ತವ್ನೆ, ನಾನ್ಯಾಕೆ ಹೋಗಿ ಬಗ್ಸಲಿ ಅಂದ್ರು. ಇಲ್ಲೇ ದಂಡಿನಿಂದ ಬಿಡುಗಡೆ ಬರೆಸ್ಕೊಂಡು ರಬ್ಬರ್ ತೋಟದಲ್ಲಿ ಕಾವಲಿಗೆ ಸೇರ್ಕೊಂಡ್ರು. ನಮ್ಮಮ್ಮ ಅಲ್ಲೇ ರಬ್ಬರ್ ಮರದ ಹಾಲು ಇಳ್ಸೋ ತಮಿಳು ಹುಡುಗಿ. ಆಮೇಲೆ ಈ ಅಂಗಡಿ. ತೊಂಬತ್ತೆರಡು ವರ್ಷ ಬದುಕಿದ್ರು, ಹೋಗಿ ಹದಿನೈದು ವರ್ಷ ಆಯ್ತು. ಯಾಕೋ ತಲೆ ತಗ್ಗಿಸ್ಬುಟ್ಟೆ? ನಾಚಿಕೆ ಆಯ್ತಾ?”

“ಅವರ ಬಗ್ಗೆ ಅಲ್ಲ ಅತ್ತೆ. ಸತ್ತೇ ಇಲ್ಲದವರಿಗೆ ನಾವು ವರ್ಷ ವರ್ಷ ಎಡೆ ಇಟ್ವಿ. ಬದುಕಿದ್ದವರಿಗೆ ಅರವತ್ತು ವರ್ಷದ ಮೇಲೆ ಪಿತೃಪೂಜೆ! ಎಂಥ ಪಾಪ!”

ಚಾಮುಂಡಿಗೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

“ಸುಳ್ಳು ಸಾವಿನ ಸುದ್ದಿ ಹಬ್ಬಿದ್ರೆ ಆಯಸ್ಸು ಹೆಚ್ತದೆ ಅಂತಾರೆ. ನೀವು ವರ್ಷಕ್ಕೊಂದ್ಸಲ ಸಾಯ್ಸಿದ್ದೀರಿ, ಅದ್ಕೇ ಯಪ್ಪ ತೊಂಬತ್ತೆರಡಕ್ಕೆ ಹೋದ್ರು! ಪಾಪ ಅಲ್ಲ ಕಣೋ, ಅಪ್ಪಂಗೆ ಗೊತ್ತಿತ್ತು. ಮಾಲಯ ಅಮಾಸೆ ದಿನ ಅವ್ರವ್ವಂಗೆ ಎಲೆ ಹಾಕ್ತಿದ್ರು. ಪಕ್ಕದಲ್ಲಿ ಇನ್ನೊಂದೆಲೆ ಹಾಕ್ಕೊಂಡು ತಾವೇ ಕುಂತ್ಕಳೋರು. ‘ಮಳವಳ್ಳೀಲಿ ಇವತ್ತು ನಂಗೂ ಇಟ್ಟಿರ್ತಾರೆ, ಆರೋಗೋ ಮುಂಚೆ ತಿನ್ಬೇಕು’ ಅನ್ನೋರು.”

ಬೋರಯ್ಯ ನಗಲು ಹೋದರು. ಬಾಯಿ ನಕ್ಕಿತು, ಕಣ್ಣು ಮಾತು ಕೇಳಲಿಲ್ಲ.

“ಏನು ತಿಂತಿದ್ರು?” ಎಂದು ಕೇಳಿದವಳು ನವ್ಯಾ. “ನಾವು ಮಟನ್ನು, ಸಾರಾಯಿ ಇಡ್ತಿದ್ವಿ.”

“ಸಾರಾಯಿ? ಅಯ್ಯೋ, ಹನಿ ಮುಟ್ಟಿದೋರಲ್ಲ! ರಾಗಿ ಮುದ್ದೆ. ಇಲ್ಲಿ ತಮಿಳಂಗಡೀಲಿ ಸಿಕ್ತದೆ. ಅದ್ಕೆ ನಮ್ಮಂಗಡಿ ನೆತ್ತಿಲಿ ಮೀನಿನ ಸಂಬಾಲ್ ಚಟ್ನಿ, ಮೂಗಲ್ಲಿ ನೀರು ಬರೋ ಹಂಗೆ. ಮರಗೆಣಸು ಮಾತ್ರ ಕಣ್ಣೆದುರು ತರೋ ಹಂಗಿರ್ನಿಲ್ಲ. ನಾಳೆ ಅಮಾಸೆ ಅಲ್ವಾ? ಇಲ್ಲೇ ಮಲ್ಗಿ. ಸೋದರತ್ತೆ ಮನೆ ಇರೋವಾಗ ಸೈಬರ್‌ಜಯಾಗೆ ಹೋಗಿ ಎಡೆ ಇಟ್ಟೀಯಾ?”

“ಅಪ್ಪ, ಊರಲ್ಲಿ ಏನು ಹೇಳ್ತೀರ?” ಎಂದು ಮಗಳು ಕೇಳಿದಳು.

ಬೋರಯ್ಯ ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿದರು. “ಇದ್ದದ್ದನ್ನೇ ಹೇಳ್ತೀನಮ್ಮ. ಬರೋ ಆಗಸ್ಟಿಗೆ ಆ ಸ್ಕೂಲಿಗೇ ಹೋಗಿ ಹೇಳ್ತೀನಿ. ನರಹರಿಯವರ ಹೆಸರನ್ನೂ ಹೇಳ್ತೀನಿ. ಹೋದವರೂ ನಮ್ಮವರೇ, ನಿಂತವರೂ ನಮ್ಮವರೇ. ಇವರು ಕೊಟ್ಟ ಮಾತಿಗೆ ನಿಂತರು.”

“ಯಾರೂ ಚಪ್ಪಾಳೆ ತಟ್ಟದೇ ಇದ್ರೆ?”

“ಮೂವತ್ತೈದು ವರ್ಷದ್ದು ಸ್ಟಾಕಿದೆ ಬಿಡು.”

ಮರುದಿನ ಅಂಗಳದ ಬಾಳೆಯಿಂದ ಏಳು ಎಲೆ ಕೊಯ್ದರು. ಊರಿನ ನಾಲ್ವರು ಹಿರಿಯರು, ಚಾಮುಂಡಿಯ ತಾಯಿ, ಆಮೇಲೆ ಚಿಕ್ಕತಾತ, ಕೊನೆಗೆ ಅವನ ಪಕ್ಕದಲ್ಲೇ ರತ್ನ. ರತ್ನಳ ಪ್ರೀತಿಯ ಒಬ್ಬಟ್ಟು ನವ್ಯಾಳ ಪಾಲಿಗೆ ಬಂತು. ಮೊದಲನೆಯದು ಹಪ್ಪಳವಾಯಿತು, ಎರಡನೆಯದು ಕರಕಲಾಯಿತು. ಒಂಬತ್ತನೆಯದಕ್ಕೆ ಕೈ ಕುದುರಿತು. ನಫೀಸಾ ಬಾಗಿಲಲ್ಲಿ ಕುಳಿತು ಕರಕಲಿನ ರುಚಿ ನೋಡಿ, “ಇದೂ ಚಲೋ ಐತಿ,” ಎಂದು ಸುಳ್ಳು ಹೇಳಿದರು.

ಸಾಂಬ್ರಾಣಿ ಹೊಗೆ ಹಾಕಿ ಬೋರಯ್ಯ ಕೈಮುಗಿದರು. ಚಿಕ್ಕತಾತನ ಎಲೆಯ ಮುಂದೆ ನಿಂತು ಹೆಸರು, ಊರು, ಮಾಡಿದ ಕೆಲಸ, ತೀರಿಕೊಂಡ ವರ್ಷ ಎಲ್ಲವನ್ನೂ ಗಟ್ಟಿಯಾಗಿ ಹೇಳಿದರು. ಪಕ್ಕದ ಎಲೆಯವಳಿಗೆ ಕೇಳಿಸಬೇಕಲ್ಲ. ಆಮೇಲೆ ಏಳು ತುತ್ತು ತೆಗೆದು ಹೊರಗೆ ಗೋಡೆಯ ಮೇಲಿಟ್ಟರು.

ಎದುರಿನ ಮರದಿಂದ ಕಾಗೆಯೊಂದು ಇಳಿದು, ಸಾಲನ್ನೆಲ್ಲ ದಾಟಿ, ನೇರ ಸಂಬಾಲ್ ಹಚ್ಚಿದ ಮುದ್ದೆಗೇ ಕೊಕ್ಕು ಹಾಕಿತು.

“ಅಪ್ಪ ಯಾವಾಗ್ಲೂ ಹಂಗೇ, ಸಾಲಲ್ಲಿ ನಿಲ್ತಿರ್ನಿಲ್ಲ!” ಎಂದಳು ಚಾಮುಂಡಿ.

ಇನ್ನೂ ನಾಲ್ಕು ಕಾಗೆ ಬಂದವು. ಒಂದೊಂದಾಗಿ ಆರು ತುತ್ತೂ ಹೋದವು. ಒಬ್ಬಟ್ಟಿನ ತುಂಡು ಮಾತ್ರ ಹಾಗೇ ಉಳಿಯಿತು. ಒಂದು ಕಾಗೆ ಹತ್ತಿರ ಬಂದು, ತಲೆ ವಾಲಿಸಿ ನೋಡಿ, ಹಿಂದೆ ಸರಿಯಿತು. ನವ್ಯಾಳ ಮುಖ ಸಣ್ಣದಾಯಿತು. ಬೋರಯ್ಯ ತುಂಡನ್ನೇ ನೋಡುತ್ತ ನಿಂತವರು ಒಮ್ಮೆಲೇ ಹಣೆ ಚಚ್ಚಿಕೊಂಡರು.

“ತುಪ್ಪ! ತುಪ್ಪ ಹಾಕಿಲ್ಲ ಕಣಮ್ಮ! ನಲವತ್ತು ವರ್ಷ ಒಂದು ದಿನಾನೂ ತುಪ್ಪ ಇಲ್ಲದೆ ಮುಟ್ಟಿದೋಳಲ್ಲ.”

ಓಡಿ ಹೋಗಿ ತುಪ್ಪ ತಂದು, ಮೊದಲು ಎಲೆಗೆ, ಆಮೇಲೆ ಗೋಡೆಯ ಮೇಲಿನ ತುಂಡಿಗೆ ಧಾರಾಳವಾಗಿ ಸುರಿದರು. “ತಗೋ ರತ್ನ. ಪಕ್ಕದಲ್ಲಿರೋರು ಯಾರು ಅಂತ ಹೇಳಿದ್ದಾಯ್ತು, ತುಪ್ಪಾನೂ ಆಯ್ತು. ಇನ್ನೇನು ತಪ್ಪು ಹುಡುಕ್ತೀಯೋ ಹುಡುಕು,” ಎಂದು ಎರಡು ಹೆಜ್ಜೆ ಹಿಂದೆ ಬಂದರು.

ಕಾಗೆ ಇನ್ನೊಮ್ಮೆ ತಲೆ ವಾಲಿಸಿತು. ಮೇಷ್ಟ್ರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಒಬ್ಬಟ್ಟನ್ನು ಕಚ್ಚಿಕೊಂಡು ಹಾರಿತು.