ನಲವತ್ತು ಟನ್ನಿನ ಮುದ್ರೆ

ಮೈಕಿನ ಹಳದಿ ಸ್ಪಂಜಿನ ಮೇಲೆ ನೊಣ ಕೂತಿದೆ, ಅದು ಏಳಲಿ, ಆಮೇಲೆ ಉತ್ತರ ಕೊಟ್ಟರಾಯಿತು ಎಂದು ಸುರೇಖಾ ಕಾಯುತ್ತಾಳೆ, ನೊಣ ಏಳುವುದಿಲ್ಲ, ಕುಷ್ಟಗಿಯ ಹೊಸ ಸ್ಟೇಷನ್ನಿನ ಶಾಮಿಯಾನದಲ್ಲಿ ಇನ್ನೂರು ಮುಖಗಳು ಅವಳತ್ತಲೇ — ನೀವು ಇಂಗ್ಲಿಷ್ ಮೇಡಂ, ಜಪಾನದವ್ರ ಕಂಪನಿ ಚರಿತ್ರಿ ಕನ್ನಡದಾಗ ಹೇಳ್ರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಅದರಾಗೇನೈತ್ರಿ ಅಂದಿದ್ದಳು, ಪಕ್ಕದಲ್ಲಿ ಜಪಾನಿನ ಯಜಮಾನರು, ಹಳಿ ಯಂತ್ರದ ಕಂಪನಿ ಕಟ್ಟಿದವರ ಮೊಮ್ಮಗ, ಎಪ್ಪತ್ತು ದಾಟಿದವರು, ಕೈಕಟ್ಟಿ ನಿಂತಿದ್ದಾರೆ, ಅವರ ಇಂಗ್ಲಿಷ್ ಪುಸ್ತಿಕೆಯ ತುಂಬ ಟ್ಯಾಂಪಿಂಗ್, ಟ್ಯಾಂಪಿಂಗ್, ಪಾಪ, ಮೊದಲಿನ ಎಸ್ ಬಿಟ್ಟಿದ್ದಾರೆ ಎಂದು ಕೆಂಪು ಪೆನ್ನಿನಲ್ಲಿ ಮೂವತ್ತೊಂದು ಕಡೆ ತಿದ್ದಿದ್ದಳು, ಸ್ಟಾಂಪಿಂಗ್, ಮುದ್ರೆ ಒತ್ತುವುದು — ಹಾಗೆಂದೇ ಈಗಷ್ಟೇ ಜನಕ್ಕೆ ಹೇಳಿದ್ದಾಳೆ, ಇವರಜ್ಜ ಹಳ್ಳಿಯ ಕಮ್ಮಾರ, ಮೊದಲು ಕೈಮುದ್ರೆ ಮಾಡಿದ, ಮಗ ಅದಕ್ಕೆ ಮೋಟರು ಕೂಡಿಸಿದ, ಮೊಮ್ಮಗನ ಕಾಲಕ್ಕೆ ನಲವತ್ತು ಟನ್ನಿನ ಮುದ್ರೆಯೇ ಹಳಿಯ ಮೇಲೆ ಓಡಾಡುತ್ತಿದೆ, ಜನ ತಲೆದೂಗಿದ್ದರು, ಸರ್ಕಾರಿ ಕೆಲಸವೆಂದ ಮೇಲೆ ಮುದ್ರೆ ಬೇಡವೇ, ಎಲ್ಲ ಸಾಂಗವಾಗಿತ್ತು, ಅಷ್ಟರಲ್ಲಿ ಮುಂದಿನ ಸಾಲಿನಿಂದ ದುರಗಪ್ಪ ಎದ್ದ, ಮೂವತ್ತೈದು ವರ್ಷ ಕೊಪ್ಪಳದ ಹಳಿಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತನಾದವನು, ಅಕ್ಕಾರ, ಮುದ್ರಿ ಒತ್ತಿದ್ರ ಹಳಿ ಹ್ಯಾಂಗ ನೆಟ್ಟಗ ನಿಂದರತಾವ್ರಿ, ಬುಡಕ್ಕ ಜಲ್ಲಿ ಕುಟ್ಟಬೇಕಲ್ರಿ.

ಜಲ್ಲಿ. ಕುಟ್ಟುವುದು. ಟ್ಯಾಂಪಿಂಗ್ — ಎಸ್ ಇರಲೇ ಇಲ್ಲ, ಕಿವಿ ಕಾದ ಹಂಚಾಗುತ್ತದೆ, ಒಂದು ದೊಡ್ಡ ಸಂಸ್ಕೃತ ಪದ ಎಸೆದು ಮುಚ್ಚಿಬಿಡಬಹುದು, ತರಗತಿಯಲ್ಲಿ ಎಷ್ಟು ಸಲ ಮುಚ್ಚಿಲ್ಲ, ಆದರೆ ಈ ಮುದುಕ ಹಂಗಿಸುತ್ತಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕುತ್ತಿಗೆ ಚಾಚಿ ನಿಂತಿದ್ದಾನೆ, ತನ್ನ ಜೀವಮಾನದ ಕೆಲಸವನ್ನು ಇವಳು ರಬ್ಬರ್ ಸ್ಟಾಂಪು ಮಾಡಿಟ್ಟಿದ್ದಾಳೆ — ನಾನು ತಪ್ಪು ಹೇಳಿದೆನ್ರಿ ಅಜ್ಜಾರ, ಬರ್ರಿ, ಹ್ಯಾಂಗ ಕುಟ್ಟತಿದ್ರಿ ನೀವ ತೋರಸ್ರಿ, ಅಂದೇಬಿಟ್ಟಳು, ಶಾಮಿಯಾನವೆಲ್ಲ ನಕ್ಕಿತು, ನಗಲಿ, ದುರಗಪ್ಪ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಧೋತರ ಎತ್ತಿ ಕಟ್ಟಿ, ಇಲ್ಲದ ಪಿಕಾಸಿಯನ್ನು ತಲೆಯ ಮೇಲೆತ್ತಿ ಹುಂ ಎಂದು ಕಾರ್ಪೆಟ್ಟಿಗೆ ಬಿಟ್ಟ, ಮತ್ತೆ ಎತ್ತಿದ, ಜಪಾನಿನ ಯಜಮಾನರ ಕಟ್ಟಿದ ಕೈ ಬಿಚ್ಚಿತು, ಪುಸ್ತಿಕೆಯ ಮೊದಲ ಫೋಟೋ, ಅವಳು ಕೈಮುದ್ರೆ ಎಂದುಕೊಂಡದ್ದು, ಅವರಜ್ಜನ ಕುಲುಮೆಯ ಪಿಕಾಸಿಯೇ ಅಲ್ಲವೇ, ಯಜಮಾನರು ಕೋಟು ಕಳಚಿ ಅವಳ ತೋಳಿಗೆ ಹಾಕಿ ದುರಗಪ್ಪನ ಎದುರು ನಿಂತರು, ಒಬ್ಬರದು ಏರಿದಾಗ ಒಬ್ಬರದು ಇಳಿದು, ಹುಂ, ಹುಂ, ಇದನ್ನು ಯಾವ ಭಾಷೆಗೆ ಮಾಡುವುದು, ಮೈಕನ್ನು ಅವರಿಬ್ಬರತ್ತ ಚಾಚುತ್ತಾಳೆ, ಹುಂ — ಗಾಳಿಯಲ್ಲಿ ಎರಡು ಜೊತೆ ಮುಷ್ಟಿ, ಏನೂ ಇಲ್ಲದ್ದನ್ನು ಬಿಗಿಯಾಗಿ ಹಿಡಿದು, ಎರಡು ಜೊತೆ ಮುಷ್ಟಿ