ವೆರ್ನಾ ಕಾಲ್ಡರ್ ಕೊಟ್ಟ ಸಾಕ್ಷ್ಯ

ಟಾರ್ಲೋ ಕೊಲ್ಲಿಯ ಪ್ರವಾಸೋದ್ಯಮ ಮಂಡಳಿಗೆ ವೆರ್ನಾ ಕಾಲ್ಡರ್ ಅಧ್ಯಕ್ಷೆಯಾದದ್ದು ಒಂದು ಸೀನಿನ ದೆಸೆಯಿಂದ. ನಾಲ್ಕು ವರ್ಷದ ಹಿಂದೆ, ವಾರ್ಷಿಕ ಸಭೆಯಲ್ಲಿ, "ಯಾರು ಸಿದ್ಧರಿದ್ದೀರಿ, ಕೈ ಎತ್ತಿ" ಎಂದಾಗ ಊರಿನ ಹೋಟೆಲಿನವರು, ದೋಣಿಯವರು, ಐಸ್‌ಕ್ರೀಮಿನವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಕೂತಿದ್ದರು. ವೆರ್ನಾಗೆ ಸೀನು ಬಂತು. ಮೂಗಿಗೆಂದು ಮೇಲೆತ್ತಿದ ಕೈ ಮೂಗು ಮುಟ್ಟುವ ಮೊದಲೇ ಸಭೆ ಚಪ್ಪಾಳೆ ತಟ್ಟಿತ್ತು. ಆಗ ಅವಳಿಗೆ ಐವತ್ತೇಳು. ಪ್ರವಾಸಿಗರು ತಮ್ಮ ಮನೆಗಾಡಿ ತಂದು ತಂಗುವ, ಹದಿನೆಂಟು ಗಾಡಿ ನಿಲ್ಲುವ ಕಾರವಾನ್ ಪಾರ್ಕು, ಎರಡು ಮುದಿ ನಾಯಿ, ಸ್ವಲ್ಪ ಮಂಡಿ ನೋವು ಇವಿಷ್ಟು ಅವಳ ಸಂಸಾರ. ಬೇಡ ಎನ್ನಲು ಬಾಯಿ ತೆರೆದಾಗ ಇನ್ನೊಂದು ಸೀನು ಬಂತು.

ಕೆಲಸವೇನೋ ಕಷ್ಟದ್ದಲ್ಲ. ಊರಲ್ಲಿ ತಂಗುವವರು ಪ್ರತಿ ರಾತ್ರಿಗೂ ಬಾಡಿಗೆಯ ಮೇಲೆ ಒಂದಿಷ್ಟು ಸುಂಕ ಕೊಡುತ್ತಿದ್ದರು. ಆ ಹಣ ಮಂಡಳಿಗೆ ಬರುತ್ತಿತ್ತು. ಆದರೆ ಅದನ್ನು ಜಾಹೀರಾತಿಗೆ ಮಾತ್ರ ಬಳಸಬೇಕೆಂಬುದು ಸರ್ಕಾರದ ನಿಯಮ. ಹಾಗಾಗಿ ಮಂಡಳಿ ಪೋಸ್ಟರ್ ಮಾಡಿಸುತ್ತಿತ್ತು, ರೇಡಿಯೋದಲ್ಲಿ ಹಾಡು ಹಾಕಿಸುತ್ತಿತ್ತು, ಪೆಲಿಕನ್ ಹಕ್ಕಿಯ ಚಿತ್ರವಿರುವ ಟೋಪಿ ಹಂಚುತ್ತಿತ್ತು. ಜನ ಟೋಪಿ ಹಾಕಿಕೊಂಡು ಬರುತ್ತಿದ್ದರು. ಬಂದು, ಕಡಲ ಕಡೆ ಒಮ್ಮೆ ನೋಡಿ, ಆಮೇಲೆ ವೆರ್ನಾಳ ಪಾರ್ಕಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಟಾಯ್ಲೆಟ್ ಎಲ್ಲಿದೆ?"

ತೀರದಲ್ಲಿ ಎರಡಿದ್ದವು. ಉತ್ತರದ್ದನ್ನು ನಗರಸಭೆ ನೋಡಿಕೊಳ್ಳುತ್ತಿತ್ತು. ದಕ್ಷಿಣದ್ದಕ್ಕೆ, ತೊಳೆಯುವವರಿಗೆ ಸಂಬಳ ಕೊಡಲಾಗದೆ, ಎರಡು ವರ್ಷದ ಹಿಂದೆ ಬೀಗ ಹಾಕಿ ಕೀಯನ್ನು ಮಂಡಳಿಗೆ ಕೊಟ್ಟಿದ್ದರು. ಜೀವರಕ್ಷಕರದ್ದೂ ಅದೇ ಪಾಡು. ಡಿಸೆಂಬರ್ ಜನವರಿಯ ಬೇಸಿಗೆ ರಜೆ ಮುಗಿದರೆ, ಇವುಗಳ ನಡುವೆ ಮಾತ್ರ ಈಜಿ ಎಂದು ಜೀವರಕ್ಷಕರು ನೆಡುವ ಬಾವುಟಗಳು ವಾರದ ದಿನಗಳಲ್ಲಿ ಮರಳ ಮೇಲೆ ಇರುತ್ತಿರಲಿಲ್ಲ. ಶನಿವಾರ ಭಾನುವಾರ ಊರಿನ ಸ್ವಯಂಸೇವಕರು ಬಂದು ನಿಲ್ಲುತ್ತಿದ್ದರು. ಉಳಿದ ಐದು ದಿನ ಕಡಲು, ಜನ, ಅವರವರ ಅದೃಷ್ಟ.

ಅವಳು ಅಧ್ಯಕ್ಷೆಯಾದ ನಾಲ್ಕನೇ ವರ್ಷದ ಮಾರ್ಚಿನಲ್ಲಿ ಶಾಸನಸಭೆಯ ಸಮಿತಿಯೊಂದು ಕರಾವಳಿಯ ಊರೂರು ಸುತ್ತುತ್ತ ಬಂತು. ಸುಂಕದ ನಿಯಮ ಬದಲಿಸಬೇಕೇ ಬೇಡವೇ ಎಂದು ಅಭಿಪ್ರಾಯ ಕೇಳುವುದು ಅದರ ಕೆಲಸ. ವೆರ್ನಾ ಮಂಡಳಿಯ ಪರವಾಗಿ ಮಾತಾಡಬೇಕಿತ್ತು. ತೊಂದರೆ ಏನೆಂದರೆ, ಮಂಡಳಿಯೊಳಗೇ ಎರಡು ಪಕ್ಷ. ಸುಂಕದಲ್ಲಿ ಅರ್ಧ ತೀರದ ಶೌಚಾಲಯಕ್ಕೆ, ಜೀವರಕ್ಷಕರಿಗೆ ಹೋಗಲಿ ಎನ್ನುವುದು ವೆರ್ನಾಳದು. ಇನ್ನೊಂದು ಪಕ್ಷ ಲೈಲ್ ಹ್ಯಾನಫಿನ್‌ದು.

ಲೈಲ್ ಊರಿನ ದೊಡ್ಡ ಮೋಟೆಲಿನ ಮಾಲೀಕ, ಮಂಡಳಿಯ ಖಜಾಂಚಿ, ವೆರ್ನಾಳ ಜೊತೆ ಮೂರನೇ ತರಗತಿಯಿಂದ ಜಗಳವಾಡಿಕೊಂಡು ಬಂದವನು.

"ನೋಡು ವೆರ್ನಾ, ನಾವು ಜನಾನ ಕರೆಯೋರು, ಕಕ್ಕಸು ತೊಳೆಯೋರಲ್ಲ," ಎಂದ ಅವನು, ಸಮಿತಿ ಬರುವ ಹಿಂದಿನ ವಾರ. "ಒಂದ್ಸಲ ಆ ದುಡ್ಡನ್ನ ತೀರಕ್ಕೆ ಅಂತ ಬಿಟ್ಟುಕೊಟ್ವೋ, ನಗರಸಭೆಯವರು ಕೈ ಝಾಡಿಸ್ಕೊಂಡು ಕೂತ್ಕೋತಾರೆ. ಆಮೇಲೆ ಜಾಹೀರಾತಿಗೆ ಏನು ಮಾಡ್ತೀಯ, ಬೀದೀಲಿ ನಿಂತು ಕೂಗ್ತೀಯಾ?"

"ಕರೆದ ಮೇಲೆ ಬಂದೋರನ್ನ ಎಲ್ಲಿ ಕಳಿಸ್ತೀಯ ಲೈಲ್? ಪೊದೆಗಾ?"

"ನನ್ನ ಮೋಟೆಲಲ್ಲಿ ಪ್ರತಿ ರೂಮಿಗೂ ಟಾಯ್ಲೆಟ್ ಇದೆ ಮಾರಾಯ್ತಿ."

"ಇದ್ದೇ ಇರತ್ತೆ. ಅದಕ್ಕೇ ನಿನಗೆ ಅರ್ಥ ಆಗಲ್ಲ."

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ, ಅದು ವೆರ್ನಾಗೂ ಗೊತ್ತಿತ್ತು. ನಗರಸಭೆಯವರನ್ನು ಅವಳೂ ನಂಬುತ್ತಿರಲಿಲ್ಲ. ಆದರೆ ಜನವರಿ ಕೊನೆಯಲ್ಲಿ, ರಜೆ ಮುಗಿದು ಬಾವುಟವಿಲ್ಲದ ಒಂದು ಮಂಗಳವಾರ, ಟೆಗನ್ ಎಂಬ ಊರಿನ ಹುಡುಗಿ ತನ್ನ ಪಾಡಿಗೆ ಅಲೆಯಾಟಕ್ಕೆಂದು ಬಂದವಳು, ಕಡಲ ಸೆಳೆತಕ್ಕೆ ಸಿಕ್ಕಿದ್ದ ಒಬ್ಬ ತಂದೆಯನ್ನೂ ಮಗಳನ್ನೂ ತನ್ನ ಹಲಗೆಯ ಮೇಲೆ ಎಳೆದು ತಂದಿದ್ದಳು. ಟೆಗನ್ ಇಪ್ಪತ್ತಾರರ ಜೀವರಕ್ಷಕಿ. ಸಂಬಳ ಸಿಗುತ್ತಿದ್ದದ್ದು ವರ್ಷಕ್ಕೆ ಆರು ವಾರ. ಆ ದಿನ ಅವಳದ್ದು ರಜೆ. ಆ ತಂದೆ ಮಗಳು ತಂಗಿದ್ದದ್ದು ವೆರ್ನಾಳ ಪಾರ್ಕಿನ ಏಳನೇ ಜಾಗದಲ್ಲಿ. ಸಂಜೆ ಆ ಮನುಷ್ಯ ಕೆಟಲಿಗೆ ನೀರು ತುಂಬಿಸಲು ಬಂದು, ಅದು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ ನೋಡುತ್ತಲೇ ನಿಂತದ್ದು ವೆರ್ನಾಳ ಕಣ್ಣಿಂದ ಹೋಗಿರಲಿಲ್ಲ.

ಸಮಿತಿ ಬಂದದ್ದು ಬುಧವಾರ. ಈಜು ಸಂಘದ ಸಭಾಂಗಣದಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ನೀರಿನ ಹೂಜಿ ಇಟ್ಟಿದ್ದರು. ಸಮಿತಿಯ ಅಧ್ಯಕ್ಷೆ ಶ್ರೀಮತಿ ಅಚೆಸನ್ ತೆಳ್ಳಗಿನ, ನೆಟ್ಟಗಿನ ಹೆಂಗಸು. ಕನ್ನಡಕವನ್ನು ಮೂಗಿನ ತುದಿಯಲ್ಲಿಟ್ಟುಕೊಂಡು ಎಲ್ಲರನ್ನೂ ಅದರ ಮೇಲಿನಿಂದ ನೋಡುವವರು. ಜೊತೆಗೆ ಇಬ್ಬರು ಸದಸ್ಯರು. ಒಬ್ಬರು ಆಗಲೇ ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡಿದ್ದರು.

ವೆರ್ನಾ ಮೂರು ದಿನ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ನಡೆಯುತ್ತ ಭಾಷಣ ಬಾಯಿಪಾಠ ಮಾಡಿದ್ದಳು. ಯಂತ್ರದ ಸದ್ದಿನಲ್ಲಿ ಅದು ಅದ್ಭುತವಾಗಿ ಕೇಳಿಸುತ್ತಿತ್ತು. ಸಭೆಯ ನಿಶ್ಶಬ್ದದಲ್ಲಿ ಅದೇ ಮಾತು ಬೇರೆ ಯಾರದೋ ಎನಿಸಿತು. "ಮಾನ್ಯ ಅಧ್ಯಕ್ಷರೇ, ಸುಸ್ಥಿರ ಕರಾವಳಿ ಮೂಲಸೌಕರ್ಯದ ದೃಷ್ಟಿಯಿಂದ" ಎಂದು ಶುರುಮಾಡಿದವಳು ಎರಡು ಹಾಳೆ ಒಟ್ಟಿಗೆ ತಿರುವಿ, ಎರಡನೇ ಪುಟದ ವಾಕ್ಯಕ್ಕೆ ನಾಲ್ಕನೇ ಪುಟದ ಬಾಲ ಅಂಟಿಸಿ, ಕೊನೆಗೆ ಪೆಲಿಕನ್‌ಗಳಿಗೆ ಜೀವರಕ್ಷಕರು ಬೇಕು ಎಂಬರ್ಥ ಬರುವಂತೆ ಏನೋ ಹೇಳಿ ಕೂತಳು. ಬಿಸ್ಕತ್ತಿನ ಸದಸ್ಯರು ಮಾತ್ರ ಸಹಾನುಭೂತಿಯಿಂದ ತಲೆಯಾಡಿಸಿದರು.

ಆಮೇಲೆ ಲೈಲ್ ಎದ್ದ. ಹೊಸ ಶರಟು, ಹೊಳೆಯುವ ಬೂಟು. ಡ್ರೋನ್ ಹಾರಿಸಿ ತೆಗೆಸಿದ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟ. ನೀಲಿ ಕಡಲು, ಬೆಳ್ಳನೆಯ ಮರಳು, ಸಂಗೀತ. "ಇದನ್ನ ನೋಡಿದ ಮೇಲೆ ಬರದೆ ಇರೋಕೆ ಆಗತ್ತಾ ಹೇಳಿ," ಎಂದ. ಶ್ರೀಮತಿ ಅಚೆಸನ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ವೆರ್ನಾ ತನ್ನ ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿಕೊಂಡಳು. ಚಿತ್ರ ಚೆನ್ನಾಗಿಯೇ ಇತ್ತು.

ಊಟದ ವಿರಾಮದಲ್ಲಿ ಸಿಗಡಿ ಸ್ಯಾಂಡ್‌ವಿಚ್ಚು, ಚಹಾ, ಮತ್ತೆ ಚಹಾ. ಸಮಿತಿಯವರು ತೀರ ನೋಡಿಬರೋಣವೆಂದು ಹೊರಟರು. ಅದೇ ಹೊತ್ತಿಗೆ ದೊಡ್ಡದೊಂದು ಬಸ್ಸು ಬಂದು ನಿಂತಿತು. ಒಳನಾಡಿನ ಯಾವುದೋ ಊರಿನ ನಿವೃತ್ತರ ಸಂಘ. ನಲವತ್ತೆರಡು ಜನ, ನಾಲ್ಕು ಗಂಟೆ ಪ್ರಯಾಣ ಮಾಡಿ ಬಂದವರು, ಎಲ್ಲರ ತಲೆಯ ಮೇಲೂ ಪೆಲಿಕನ್ ಟೋಪಿ. ಇಳಿದವರೇ ಕಡಲಿನ ಕಡೆ ತಿರುಗಿಯೂ ನೋಡದೆ ಉತ್ತರದ ಶೌಚಾಲಯಕ್ಕೆ ಸಾಲು ಹಚ್ಚಿದರು.

ಐದು ನಿಮಿಷ ಕಳೆಯಿತು. ಶ್ರೀಮತಿ ಅಚೆಸನ್ ಗಡಿಯಾರ ನೋಡಿದರು, ಸಭಾಂಗಣದ ಕಡೆ ನೋಡಿದರು. ಅಲ್ಲಿನ ಒಂದೇ ಒಂದು ಟಾಯ್ಲೆಟ್ಟಿನ ನಲ್ಲಿ ಬೆಳಗ್ಗೆಯೇ ಕೆಟ್ಟಿತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಅವರ ಮುಂದೆ ಹೆಂಗಸರೇ ಇಪ್ಪತ್ತಮೂರು ಮಂದಿ.

ಲೈಲ್ ಓಡಿಬಂದ. "ದಕ್ಷಿಣದ್ದರ ಕೀ ಎಲ್ಲಿ?"

"ನನ್ನ ಜೇಬಲ್ಲಿದೆ," ಎಂದಳು ವೆರ್ನಾ.

ಪಕ್ಕದಲ್ಲಿದ್ದ ಟೆಗನ್ ಅವಳ ಮೊಣಕೈ ಹಿಡಿದಳು. "ತೆಗೀಬೇಡಿ ವೆರ್ನಾ. ನಿಲ್ಲಲಿ ಬಿಡಿ. ಅರ್ಧ ಗಂಟೆ ಆ ಸಾಲಲ್ಲಿ ನಿಂತರೆ ನಿಮ್ಮ ಭಾಷಣ ಬೇಕಾಗೇ ಇಲ್ಲ."

"ಥೂ, ಬಿಡೇ."

"ದೇವರಾಣೆ ಹೇಳ್ತೀನಿ. ಇಂಥ ಅವಕಾಶ ಮತ್ತೆ ಸಿಗಲ್ಲ."

ಆಸೆಯಾಗದೆ ಇರಲಿಲ್ಲ. ವೆರ್ನಾ ಸಾಲಿನ ಕಡೆ ನೋಡಿದಳು. ಶ್ರೀಮತಿ ಅಚೆಸನ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಅವರ ಮುಂದೆ ಊರುಗೋಲು ಹಿಡಿದ ಒಬ್ಬ ಮುದುಕಿ, ಎಂಬತ್ತು ದಾಟಿರಬೇಕು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಟೋಪಿ ಓರೆಯಾಗಿತ್ತು.

"ಅಜ್ಜಿ ಪಾಪ ಏನು ಮಾಡಿದ್ದಾಳೆ?" ಎಂದು ವೆರ್ನಾ ತನ್ನ ಪಿಕಪ್ ಗಾಡಿಯ ಕಡೆ ಹೊರಟಳು. ಹಿಂದುಗಡೆ ಪಾರ್ಕಿನ ಬಕೆಟ್ಟು, ಒರೆಸುವ ಕೋಲು, ಫಿನೈಲು ಸದಾ ಇರುತ್ತಿದ್ದವು.

ಬೀಗ ತುಕ್ಕು ಹಿಡಿದಿತ್ತು. ಬಾಗಿಲು ತೆರೆದರೆ ಎರಡು ವರ್ಷದ ಮರಳು, ಒಣ ಎಲೆ, ಮೂಲೆ ಮೂಲೆಗೂ ಜೇಡರ ಬಲೆ. ವೆರ್ನಾ ಮೊದಲು ಕೋಲಿನಿಂದ ಒಂದೊಂದೇ ಸೀಟು ಎತ್ತಿ ಕೆಳಗೆ ನೋಡಿದಳು. ಮೂರನೆಯದರ ಅಡಿಯಲ್ಲಿ, ಕಚ್ಚಿದರೆ ವಿಷವೇರುವ ಕೆಂಪು ಬೆನ್ನಿನ ಜೇಡ ಕೂತಿತ್ತು.

"ಲೈಲ್! ಬಾ ಇಲ್ಲಿ, ನಿನ್ನ ಬೂಟು ಬೇಕು."

"ಹೊಸದು ಕಣೆ!"

"ಅದಕ್ಕೇ ಕರೆದಿದ್ದು. ತುಳಿ."

ತುಳಿದ. ಒಮ್ಮೆ ಒಳಗೆ ಬಂದ ಮೇಲೆ ಹೊರಗೆ ಹೋಗುವುದು ಅವನಿಗೂ ನಾಚಿಕೆಯೆನಿಸಿತೋ ಏನೋ, ಶರಟಿನ ತೋಳು ಮಡಚಿ ಪೈಪು ಹಿಡಿದ. ಟೆಗನ್ ಟಾಯ್ಲೆಟ್ ಕಾಗದದ ಸುರುಳಿ ತರಲು ಓಡಿದಳು. ಹನ್ನೆರಡು ನಿಮಿಷದಲ್ಲಿ ನೆಲ ಒದ್ದೆಯಾದರೂ ಶುಭ್ರವಾಗಿತ್ತು. ಮೊದಲು ಊರುಗೋಲಿನ ಅಜ್ಜಿ ಒಳಗೆ ಹೋದಳು, ಆಮೇಲೆ ಶ್ರೀಮತಿ ಅಚೆಸನ್.

ಹೊರಬಂದು ಕೈ ಒರೆಸಿಕೊಳ್ಳುತ್ತ ಅವರು ಕೇಳಿದರು, "ಇಷ್ಟು ಚೆನ್ನಾಗಿರೋ ಕಟ್ಟಡಕ್ಕೆ ಬೀಗ ಯಾಕೆ ಹಾಕಿದ್ದೀರಿ?"

"ತೊಳೆಯೋರಿಗೆ ಸಂಬಳ ಕೊಡೋ ಹಾಗಿಲ್ಲ ಮೇಡಂ," ಎಂದಳು ವೆರ್ನಾ, ಒರೆಸುವ ಕೋಲಿನ ಮೇಲೆ ಭಾರ ಹಾಕಿ. "ನಮ್ಮ ಹತ್ರ ದುಡ್ಡಿದೆ. ಆ ಟೋಪಿ ಮಾಡ್ಸಿದ್ದು ನಾವೇ. ಇನ್ನೂ ಮೂರು ಸಾವಿರ ಟೋಪಿ ನನ್ನ ಶೆಡ್ಡಲ್ಲಿ ಬಿದ್ದಿದೆ. ಟೋಪಿಗೆ ಖರ್ಚು ಮಾಡಬಹುದು, ಬಕೆಟ್ಟಿಗೆ ಮಾಡೋ ಹಾಗಿಲ್ಲ. ಜೀವರಕ್ಷಕಿ ಬೇಕು ಅಂತ ರೇಡಿಯೋದಲ್ಲಿ ಹಾಡು ಹಾಕಿಸಬಹುದು, ಈ ಹುಡುಗಿಗೆ ಸಂಬಳ ಕೊಡೋ ಹಾಗಿಲ್ಲ. ಜನವರೀಲಿ ಇವಳು ಇಬ್ಬರನ್ನ ನೀರಿಂದ ಎಳ್ಕೊಂಡು ಬಂದ್ಲು. ರಜೆ ಇತ್ತು ಅವಳಿಗೆ. ಅಲೆ ಚೆನ್ನಾಗಿದೆ ಅಂತ ಬಂದಿದ್ಲು ಅಷ್ಟೇ. ಚೆನ್ನಾಗಿಲ್ದೆ ಇದ್ದಿದ್ರೆ?"

ಶ್ರೀಮತಿ ಅಚೆಸನ್ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಮಾಡಿಕೊಂಡರು.

"ಬೆಳಗ್ಗೆ ಇದನ್ನ ಯಾಕೆ ಹೇಳಲಿಲ್ಲ?"

"ಬೆಳಗ್ಗೆ ಕಾಗದ ಇತ್ತು ಕೈಯಲ್ಲಿ."

"ಒಳಗೆ ಬನ್ನಿ. ಇದೇ ಮಾತನ್ನ ಇನ್ನೊಂದು ಸಲ ಹೇಳಿ. ದಾಖಲಾಗಬೇಕು. ಆ ಕೋಲು ಹೊರಗಿಟ್ಟು ಬಂದರೂ ನಡೆಯುತ್ತೆ."

ವೆರ್ನಾ ಒದ್ದೆ ತೋಳಿನಲ್ಲೇ ಎರಡನೇ ಸಲ ಸಾಕ್ಷ್ಯ ಹೇಳಿದಳು. ಈ ಸಲ ಒಂದು ಮಾತೂ ಅದಲುಬದಲಾಗಲಿಲ್ಲ, ಕೈ ಮಾತ್ರ ಸ್ವಲ್ಪ ಫಿನೈಲು ವಾಸನೆ ಹೊಡೆಯುತ್ತಿತ್ತು. ಖಜಾಂಚಿಯವರ ಅಭಿಪ್ರಾಯವೂ ಹಾಗೆಯೇ ಇದೆಯೇ ಎಂದು ಶ್ರೀಮತಿ ಅಚೆಸನ್ ಕೇಳಿದರು.

ಲೈಲ್ ಎದ್ದು ತನ್ನ ಬೂಟು ನೋಡಿಕೊಂಡ. "ಪೂರ್ತಿ ಒಪ್ಪಲ್ಲ ನಾನು," ಎಂದ. "ಜಾಹೀರಾತು ಬೇಕೇ ಬೇಕು. ಆದರೆ ನಿಜ ಹೇಳ್ಬೇಕು ಅಂದ್ರೆ, ರೂಮು ತಗೊಳ್ಳದೆ ಟಾಯ್ಲೆಟ್ ಕೇಳ್ಕೊಂಡು ನನ್ನ ಮೋಟೆಲಿಗೆ ದಿನಾ ಹತ್ತು ಹನ್ನೆರಡು ಜನ ಬರ್ತಾರೆ. ಇಲ್ಲ ಅನ್ನೋಕೆ ನನಗೂ ಬಾಯಿ ಬರಲ್ಲ. ಮೂರರಲ್ಲಿ ಒಂದು ಭಾಗ ತೀರಕ್ಕೆ ಹೋಗ್ಲಿ. ಅರ್ಧ ಕೊಡಲ್ಲ. ಮತ್ತೆ ನಗರಸಭೆಯವರು ಈಗ ಕೊಡ್ತಿರೋದನ್ನ ಒಂದು ಪೈಸೆನೂ ಕಮ್ಮಿ ಮಾಡಬಾರದು ಅಂತ ಬರೀರಿ."

"ಬರೆದುಕೊಂಡೆ," ಎಂದರು ಶ್ರೀಮತಿ ಅಚೆಸನ್.

ಸರ್ಕಾರದ ಕೆಲಸ ತನ್ನದೇ ನಡಿಗೆಯಲ್ಲಿ ನಡೆಯಿತು. ವೆರ್ನಾ ಎರಡು ಸಲ ರಾಜಧಾನಿಗೆ ಹೋಗಿಬಂದಳು, ಎಂಟು ಊರಿನ ಮಂಡಳಿಗಳಿಂದ ಸಹಿ ಹಾಕಿಸಿ ಕಾಗದ ಕೊಟ್ಟಳು, ಫೋನಿನಲ್ಲಿ ಕಾದು ಕಾದು ಸರ್ಕಾರದ ಸಂಗೀತವೆಲ್ಲ ಕಲಿತಳು. ಸೆಪ್ಟೆಂಬರಿನಲ್ಲಿ ನಿಯಮ ಬದಲಾಯಿತು. ಮೂರರಲ್ಲಿ ಒಂದು ಭಾಗ, ಲೈಲ್ ಹೇಳಿದ ಷರತ್ತಿನ ಸಮೇತ.

ಅಷ್ಟು ಹಣ ಎಲ್ಲಕ್ಕೂ ಸಾಲದು ಎಂಬುದು ಮಂಡಳಿಯ ಮೊದಲ ಸಭೆಯಲ್ಲೇ ತಿಳಿಯಿತು. ಎರಡು ಗಂಟೆ ವಾದವಾಗಿ, ದಕ್ಷಿಣದ ಶೌಚಾಲಯ ವಾರಕ್ಕೆ ಮೂರು ದಿನ ತೆರೆದರೆ ಸಾಕು, ಉಳಿದದ್ದೆಲ್ಲ ವಾರದ ದಿನಗಳ ಜೀವರಕ್ಷಕರಿಗೆ ಎಂದಾಯಿತು. ಹಾಗೆ ಸೂಚಿಸಿದವನು ಲೈಲ್. ವೆರ್ನಾ ಅಚ್ಚರಿಯಿಂದ ಅವನತ್ತ ನೋಡಿದಳು.

"ಏನು ನೋಡ್ತೀಯ? ಮುಳುಗಿದ ಗಿರಾಕಿ ಮತ್ತೆ ಬಂದು ರೂಮು ಹಿಡೀತಾನಾ?" ಎಂದ ಅವನು, ಗದರುವ ದನಿಯಲ್ಲಿ.

ಅಕ್ಟೋಬರಿನ ಮೊದಲ ಮಂಗಳವಾರ, ಬೆಳಗ್ಗೆ ಒಂಬತ್ತಕ್ಕೆ, ಟೆಗನ್ ಮರಳಿನಲ್ಲಿ ಕೆಂಪು ಹಳದಿ ಬಾವುಟ ಎರಡು ನೆಟ್ಟಳು. ಗಾಳಿ ಮೆಲ್ಲಗೆ ಬೀಸುತ್ತಿತ್ತು, ನೀರು ಇನ್ನೂ ತಣ್ಣಗಿತ್ತು. ತೀರದಲ್ಲಿ ಆರೇ ಆರು ಜನ. ವೆರ್ನಾ ನಾಯಿಗಳನ್ನು ಗಾಡಿಯಲ್ಲೇ ಬಿಟ್ಟು, ಹಳೆಯ ಈಜುಡುಗೆಯ ಮೇಲೆ ಟವಲು ಸುತ್ತಿಕೊಂಡು ಇಳಿದಳು. ಮಂಡಿ ಮುಟ್ಟುವಾಗ ಉಸಿರು ಸಿಕ್ಕಿಕೊಂಡಿತು, ಸೊಂಟ ಮುಟ್ಟುವಾಗ ಅರಚಿದಳು, ಆಮೇಲೆ ಒಂದು ಅಲೆ ಬಂದು ತೀರ್ಮಾನ ತಾನೇ ಮಾಡಿತು. ಬೆನ್ನ ಮೇಲೆ ತೇಲುತ್ತ, ಆಕಾಶ ನೋಡುತ್ತ, ಎಷ್ಟು ಹೊತ್ತು ಹೋಯಿತೋ ಗೊತ್ತಾಗಲಿಲ್ಲ.

ಸೀಟಿ ಕೇಳಿಸಿತು. ಒಮ್ಮೆ, ಮತ್ತೊಮ್ಮೆ ಜೋರಾಗಿ.

"ವೆರ್ನಾ! ಬಾವುಟದಿಂದ ಆಚೆ ಹೋದ್ರಿ! ಈಚೆ ಬನ್ನಿ!"

"ಅಧ್ಯಕ್ಷೆ ಕಣೇ ನಾನು!"

"ಯಾರಾದ್ರೇನು, ಈಚೆ ಬನ್ನಿ ಅಂದೆ!"

ವೆರ್ನಾ ನಗುತ್ತ, ಒಂದು ಬಾಯಿ ಉಪ್ಪುನೀರು ಕುಡಿದು, ಬಾವುಟಗಳ ನಡುವಕ್ಕೆ ಈಜಿಕೊಂಡು ಬಂದಳು.